ಮೆಟ್ಟಿಲಿಗೊಂದು ಹೊಸ್ತಿಲು

ಚನ್ನಗಿರಿ
14 ಜುಲೈ 2025

ಬೀಗಿತ್ತಿ ಕೊಟ್ರಮ್ಮನವರಿಗೆ ಸರ್ವಮಂಗಳಮ್ಮನ ಶರಣಾರ್ಥಿ.

ನನ್ನ ಮಗ ಪ್ರಸನ್ನನೂ ನಿಮ್ಮ ಮಗಳು ರೂಪಶ್ರೀಯೂ ದಿನವಿಡೀ ಫೋನಿನಲ್ಲೇ ಇರುವಾಗ ಈ ಹೆಂಗಸು ಕಾಗದ ಯಾಕೆ ಬರೆದಳು ಎಂದು ನೀವು ನಗುತ್ತಿರಬಹುದು. ನನ್ನ ಎಡಗಿವಿ ಎಂದೋ ಹೋಯಿತು, ಬಲಗಿವಿ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತದೆ. ಸ್ಪೀಕರ್ ಹಾಕಿದರೆ ನಮ್ಮ ಯಜಮಾನರಿಂದ ಹಿಡಿದು ಪಾತ್ರೆ ಅಂಗಡಿಗೆ ಬಂದ ಗಿರಾಕಿಯವರೆಗೆ ಎಲ್ಲರೂ ನಡುವೆ ಬಾಯಿ ಹಾಕುತ್ತಾರೆ. ಅಜ್ಜಿಯರ ಮಾತು ಅಜ್ಜಿಯರಲ್ಲೇ ಇರಲಿ ಎಂದು ಪೆನ್ನು ಹಿಡಿದೆ.

ನೇರ ವಿಷಯಕ್ಕೆ ಬರುತ್ತೇನೆ. ರೂಪಶ್ರೀ ಹೆರಿಗೆಗೆಂದು ಜಗಳೂರಿಗೆ ಹೋದವಳು ಬಾಣಂತನ ಮುಗಿದರೂ ಅಲ್ಲೇ ಇದ್ದಾಳೆ. ತಪ್ಪೇನಿಲ್ಲ, ಅದು ತವರು. ಆದರೆ ಶರಣ್ಯಳನ್ನು ತೊಟ್ಟಿಲಿಗೆ ಹಾಕಿದ ದಿನ ನೋಡಿದ್ದು ಬಿಟ್ಟರೆ, ನನಗೆ ಅವಳು ಫೋನಿನೊಳಗಿನ ಕೂಸಾಗಿಯೇ ಉಳಿದಿದ್ದಾಳೆ. ಆಷಾಢ ಮುಗಿದ ಕೂಡಲೇ, ಶ್ರಾವಣದಲ್ಲಿ ತಾಯಿ ಮಗಳಿಬ್ಬರನ್ನೂ ಕಳುಹಿಸಿಕೊಡಿ.

ಅವಸರಕ್ಕೆ ಕಾರಣವಿದೆ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕೂಸು ಮೊದಲ ಸಲ ಹೊಸ್ತಿಲು ದಾಟುವುದು ನಮ್ಮ ಮನೆಯಲ್ಲಿ ಆಗಬೇಕೆಂದು ನನಗೆ ತುಂಬ ಆಸೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಕರಿಗಡುಬು ಮಾಡಿ ಓಣಿಗೆಲ್ಲ ಹಂಚಬೇಕು. ಪ್ರಸನ್ನ ಹೊಸ್ತಿಲು ದಾಟಿದ ದಿನ ನಾನು ಜ್ವರ ಬಂದು ಮಲಗಿದ್ದೆ, ನಮ್ಮತ್ತೆಯೇ ಎಲ್ಲ ನೋಡಿ ಎಲ್ಲ ಮಾಡಿ ಮುಗಿಸಿದ್ದರು. ಈ ಸಲ ಬಿಡಲಾರೆ. ಅಲ್ಲಿಯವರೆಗೆ ನಿಮ್ಮ ಹೊಸ್ತಿಲ ಹತ್ತಿರ ಅವಳನ್ನು ಬಿಡಬೇಡಿ, ನಿಮಗೆ ಕೈ ಮುಗಿಯುತ್ತೇನೆ.

ಸೀಮಂತಕ್ಕೆ ಬಂದಾಗ ನಮ್ಮ ಮಹಡಿಯ ಮೆಟ್ಟಿಲು ನೋಡಿ ನೀವು ಹುಬ್ಬು ಗಂಟಿಕ್ಕಿದ್ದು ನನಗೆ ನೆನಪಿದೆ. ಕೂಸು ಹತ್ತದಂತೆ, ಬೀಳದಂತೆ ಮೆಟ್ಟಿಲಿಗೆ ಹಾಕುವ ಗೇಟು ಈಗ ಸಿಗುತ್ತದಂತೆ. ಪ್ರಸನ್ನ ಆರ್ಡರ್ ಮಾಡಿದ್ದಾನೆ. ಬಂದ ದಿನವೇ ಹಾಕಿಸಿಬಿಡುತ್ತೇವೆ, ಅದೇನು ದೊಡ್ಡ ಕೆಲಸ.

ಸರ್ವಮಂಗಳಮ್ಮ


ಜಗಳೂರು
21 ಜುಲೈ 2025

ಸರ್ವಮಂಗಳಮ್ಮನವರಿಗೆ ಕೊಟ್ರಮ್ಮನ ನಮಸ್ಕಾರಗಳು.

ಕಾಗದ ತಲುಪಿತು. ನನಗೆ ಬರೆದು ರೂಢಿಯಿಲ್ಲ, ತಪ್ಪಿದ್ದರೆ ಮನ್ನಿಸಿ.

ಮಗಳನ್ನು ಕಳುಹಿಸುವುದಿಲ್ಲ ಎನ್ನಲು ನಾನು ಯಾರು. ದಸರಾ ರಜೆ ಮುಗಿದರೆ ರೂಪಶ್ರೀ ತ್ಯಾವಣಿಗೆಯ ಶಾಲೆಗೆ ಕೆಲಸಕ್ಕೆ ಹೋಗಲೇಬೇಕು, ಅದು ಗೊತ್ತಿದೆ. ಆದರೆ ಒಂದು ಮಾತು. ಸೀಮಂತದ ದಿನ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ನಿಮ್ಮ ಮೆಟ್ಟಿಲ ಮೇಲೆ ನಾನು ಮುಗ್ಗರಿಸಿದೆ. ಒಂದು ಕಡೆ ಹಿಡಿದುಕೊಳ್ಳಲು ಏನೂ ಇಲ್ಲ. ಇಷ್ಟು ದೊಡ್ಡವಳಿಗೇ ಹಾಗಾದರೆ ಅಂಬೆಗಾಲಿಡುವ ಕೂಸಿನ ಗತಿ ಏನು. ಮಗಳು ಅಳಿಯಂದಿರ ಕೋಣೆ ಮಹಡಿಯ ಮೇಲೆಯೇ ಇದೆ. ಕೆಳಗೊಂದು, ಮೇಲೊಂದು, ಎರಡೂ ಗೇಟು ಬಿಗಿಯಾಗಿ ಕೂತ ಮೇಲೆ ತಿಳಿಸಿ. ಅಲ್ಲಿಯವರೆಗೆ ಕಳುಹಿಸಲು ನನಗೆ ಧೈರ್ಯ ಸಾಲದು.

ಶರಣ್ಯ ಇನ್ನೂ ಹೊಟ್ಟೆಯ ಮೇಲೆ ತೆವಳುತ್ತಿದ್ದಾಳೆ. ಹೊಸ್ತಿಲು ದೂರವಿದೆ. ನೀವು ಚಿಂತೆ ಮಾಡಬೇಡಿ.

ನಮ್ಮ ಮನೆಯವರು ಕಲ್ಲೇಶಪ್ಪನವರು ನಿಮ್ಮ ಯಜಮಾನರನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾರೆ.

ಕೊಟ್ರಮ್ಮ


ಚನ್ನಗಿರಿ
6 ಆಗಸ್ಟ್ 2025

ಕೊಟ್ರಮ್ಮನವರೇ,

ಗೇಟು ಬಂತು. ಡಬ್ಬದ ಮೇಲೆ ಒಂದು ಚಿತ್ರವಿದೆ. ನುಣುಪಾದ ಬಿಳಿ ಗೋಡೆ, ಬಿಳಿ ಮೆಟ್ಟಿಲು, ಗೇಟಿನ ಹಿಂದೆ ನಗುವ ಕೂಸು. ನಮ್ಮ ಮನೆಗೂ ಆ ಚಿತ್ರಕ್ಕೂ ಕೂಸೊಂದೇ ಸಮ.

ಇದಕ್ಕೆ ಮೊಳೆ ಬೇಡವಂತೆ. ಎರಡು ಗೋಡೆಗಳ ನಡುವೆ ನಿಲ್ಲಿಸಿ ತುದಿಯ ಸ್ಕ್ರೂಗಳನ್ನು ತಿರುಗಿಸುತ್ತ ಹೋದರೆ ತಾನೇ ಒತ್ತಿಕೊಂಡು ನಿಲ್ಲುತ್ತದಂತೆ. ಆದರೆ ಗೋಡೆ ಒತ್ತಿಸಿಕೊಳ್ಳಬೇಕಲ್ಲ. ನಮ್ಮ ಮೆಟ್ಟಿಲ ಬುಡದಲ್ಲಿ ಒಂದು ಕಡೆ ಮಣ್ಣಿನ ಗೋಡೆ, ಇನ್ನೊಂದು ಕಡೆ ದುಂಡನೆಯ ತೇಗದ ಕಂಬ. ಪ್ರಸನ್ನ ಸ್ಕ್ರೂ ತಿರುಗಿಸಿದ, ಗಾರೆ ಉದುರಿತು. ಇನ್ನಷ್ಟು ತಿರುಗಿಸಿದ, ಊಟದ ತಟ್ಟೆಯಗಲದ ಗಾರೆ ಕಳಚಿ ಅವನ ಕಾಲ ಮೇಲೆ ಬಿತ್ತು. ಕಂಬದ ಕಡೆಯ ತುದಿ ಜಾರಿ ಗೇಟು ಮುಖ ಅಡಿಯಾಗಿ ಮಲಗಿತು. ಅಂಗಡಿಯಲ್ಲಿ ಕೊಡ ತೆಗೆದುಕೊಳ್ಳುತ್ತಿದ್ದವರು ಏನಾಯಿತೆಂದು ಒಳಗೆ ಓಡಿ ಬಂದರು.

ನ್ಯಾಮತಿಯಿಂದ ಮಾಲತೇಶ್ ಎಂಬ ಬಡಗಿಯನ್ನು ಕರೆಸಿದೆವು. ಅವನು ಬರುವುದಕ್ಕೇ ಒಂದು ವಾರ ಹಿಡಿಯಿತು. ಒಂದು ದಿನ ಹೊನ್ನಾಳಿಯಲ್ಲಿ ಬಾಗಿಲು ಕೂರಿಸುವ ಕೆಲಸ, ಇನ್ನೊಂದು ದಿನ ಸವಳಂಗದ ಹತ್ತಿರ ಬೈಕು ಪಂಕ್ಚರ್. ಪ್ರತಿ ದಿನವೂ ಬೆಳಿಗ್ಗೆ ಫೋನಿನಲ್ಲಿ "ದಾರಿಯಾಗೇ ಅದೀನ್ರಿ" ಎನ್ನುತ್ತಿದ್ದ. ಕೊನೆಗೆ ಬಂದವನು ಕಂಬ ತಟ್ಟಿ ನೋಡಿ, "ಇದಕ್ಕೆ ಡ್ರಿಲ್ ಹೊಡೆದ್ರೆ ಅರ್ಧ ಗಂಟೆ ಕೆಲ್ಸ ಐತಿ, ಅಷ್ಟೇ" ಎಂದ.

ನಮ್ಮ ಯಜಮಾನರು ಅಂಗಡಿಯ ಗಲ್ಲೆ ಬಿಟ್ಟು ಎದ್ದು ಬಂದರು. ನೀವು ನೋಡಿದ್ದೀರಿ, ಮದುವೆಯಾದವರ ಬಾಸಿಂಗಗಳನ್ನೆಲ್ಲ ನಾವು ಆ ಕಂಬಕ್ಕೇ ಕಟ್ಟುವುದು. "ಈ ಕಂಬಕ್ಕೆ ಇವತ್ತಿನವರೆಗೆ ಮೊಳೆ ಬಿದ್ದಿಲ್ಲ. ನಮ್ಮಪ್ಪಂದು ಐತೆ, ನಂದು ಐತೆ, ಪ್ರಸನ್ನಂದು ಐತೆ. ಡ್ರಿಲ್ ಹೊಡೆಯಾಕೆ ಬಂದ್ರೆ ಮೊದ್ಲು ನನಗೆ ಹೊಡೀರಿ" ಎಂದು ಕಂಬವನ್ನು ತಬ್ಬಿ ನಿಂತರು. ಮಗ ಮುಖ ಊದಿಸಿಕೊಂಡ. ಮಾಲತೇಶ್ ಚಹಾ ಕುಡಿದು ಹೊರಡಲು ಸಿದ್ಧನಾದ.

ಆಗ ನನಗೆ ಹೊಳೆಯಿತು ನೋಡಿ. "ಅಲ್ರೀ, ಬಾಸಿಂಗಾನ ಏನು ಮೊಳೆ ಹೊಡೆದು ಕೂರಿಸೀರಾ? ಕಟ್ಟೀರಿ ತಾನೆ? ಗೇಟೂ ಕಟ್ಟಿ ಬಿಡ್ರಿ" ಎಂದೆ. ಯಜಮಾನರು ಕಂಬ ಬಿಟ್ಟು ಪಕ್ಕಕ್ಕೆ ಸರಿದರು. ಕಂಬದ ಪಕ್ಕಕ್ಕೆ ಒಂದು ಮರದ ಪಟ್ಟಿ ನಿಲ್ಲಿಸಿ, ಅದನ್ನು ಕಬ್ಬಿಣದ ಬಳೆಗಳಿಂದ ಕಂಬಕ್ಕೆ ಬಿಗಿಯುವುದು, ಗೋಡೆಯ ಕಡೆ ನೆಲದಿಂದ ತೊಲೆಯವರೆಗೆ ಇನ್ನೊಂದು ಪಟ್ಟಿ ಕೊಡುವುದು, ಅವೆರಡರ ನಡುವೆ ಗೇಟು. ಬಾಸಿಂಗಗಳಿಗೆ ಧಕ್ಕೆಯಿಲ್ಲ, ಗಾರೆಗೂ ನೋವಿಲ್ಲ.

ಬಳೆಗಳನ್ನು ಕೂರಿಸಿದ ಮೇಲೆ ನಾನೇ ಗೇಟು ಹಿಡಿದು ಜೋತುಬಿದ್ದು ನೋಡಿದೆ. ಅಲ್ಲಾಡಲಿಲ್ಲ. ಮೇಲಿನ ಗೇಟಿಗೆ ಮರ ಹೊನ್ನಾಳಿಯಿಂದ ಬರಬೇಕು, ಬಂದರೆ ಮುಗಿಯಿತು. ಕೆಳಗಿನದು ಮುಗಿದ ಸಂತೋಷಕ್ಕೇ ನನಗೆ ಊಟ ಸೇರುತ್ತಿಲ್ಲ. ಕೂಸಿನ ಬಟ್ಟೆ ಮಡಿಸಲು ಶುರು ಮಾಡಿ.

ಸರ್ವಮಂಗಳಮ್ಮ


ಜಗಳೂರು
22 ಆಗಸ್ಟ್ 2025

ಸರ್ವಮಂಗಳಮ್ಮನವರಿಗೆ,

ನಮ್ಮೂರಿನ ಯರ್ರಿಸ್ವಾಮಿ ಚನ್ನಗಿರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಈ ಕಾಗದ ಮತ್ತು ಒಂದು ಡಬ್ಬಿ ಕರಿಗಡುಬು ಕಳುಹಿಸಿದ್ದೇನೆ. ಮನೆಯಲ್ಲಿ ಮಾಡಿದ್ದೆ, ನಿಮಗೂ ಇರಲಿ ಎಂದು.

ಕೆಳಗಿನ ಗೇಟು ಕೂತದ್ದು ಸಂತೋಷ. ಮೇಲಿನದು ಯಾವ ಕಡೆಗೆ ತೆರೆಯುತ್ತದೆ? ಮೆಟ್ಟಿಲ ಕಡೆಗೆ ತೆರೆದರೆ ಕೂಸನ್ನು ಎತ್ತಿಕೊಂಡು ಬಂದವಳು ಹಿಂದೆ ಸರಿಯಲು ಜಾಗ ಎಲ್ಲಿ? ಸರಳುಗಳ ನಡುವೆ ಕೂಸಿನ ತಲೆ ತೂರುವಷ್ಟು ಸಂದಿ ಇದೆಯೇ? ಅದನ್ನೂ ನೋಡಿಸಿ. ಅವಸರ ಬೇಡ. ನಿಧಾನವಾದರೂ ಸರಿಯಾಗಿ ಆಗಲಿ.

ಶರಣ್ಯ ಆರಾಮವಾಗಿದ್ದಾಳೆ. ಮೇಲಿನ ಎರಡು ಹಲ್ಲು ಬರುತ್ತಿವೆ.

ಕೊಟ್ರಮ್ಮ


ಚನ್ನಗಿರಿ
30 ಆಗಸ್ಟ್ 2025

ಕೊಟ್ರಮ್ಮನವರೇ,

ಮೊದಲು ಕಡುಬಿನ ಮಾತು. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಕಡುಬು ಕಳುಹಿಸಿ ಗಣಪನಿಗಿಂತ ನಮ್ಮನ್ನೇ ಮುಂದೆ ಮಾಡಿಬಿಟ್ಟಿರಿ. ಏನು ಹದ, ಎಷ್ಟು ತೆಳು. ನಾನು ಎರಡು ತಿಂದೆ, ಯಜಮಾನರಿಗೆ ಸಕ್ಕರೆ ಕಾಯಿಲೆ ಇದ್ದರೂ ಕಣ್ಣು ತಪ್ಪಿಸಿ ತಿಂದರು. ಉಳಿದದ್ದನ್ನು ಕೆಲಸ ಮಾಡುತ್ತಿದ್ದ ಮಾಲತೇಶನಿಗೂ ಅಂಗಡಿಗೆ ಬಂದವರಿಗೂ ಕೊಟ್ಟೆ. ನೀವು ಇಷ್ಟು ಪ್ರೀತಿಯಿಂದ ಕಳುಹಿಸಿದಾಗ ಬಿಗುಮಾನದ ಹೆಂಗಸು ಎಂದು ಒಳಗೊಳಗೇ ನಿಮ್ಮನ್ನು ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು.

ಎರಡನೆಯದು, ನಿಮ್ಮ ಪ್ರಶ್ನೆ. ಮೇಲಿನ ಗೇಟನ್ನು ಮಾಲತೇಶ್ ಮೆಟ್ಟಿಲ ಕಡೆಗೇ ತೆರೆಯುವಂತೆ ಕೂರಿಸಿದ್ದ. ನಿಮ್ಮ ಕಾಗದ ಓದಿ ಹೇಳಿದೆ. ಅವನು ತಲೆ ಕೆರೆದುಕೊಂಡು, "ಜಗಳೂರಾಗೆ ಕುಂತು ತಪ್ಪು ಹಿಡಿದ್ರಲ್ರೀ ಅವರು" ಎನ್ನುತ್ತ ಗೇಟು ಬಿಚ್ಚಿ ಕೋಣೆಯ ಕಡೆಗೆ ತಿರುಗಿಸಿದ. ಸಂದಿಗೆ ನನ್ನ ಮುಷ್ಟಿ ಹಾಕಿ ನೋಡಿದೆ, ಹೋಗಲಿಲ್ಲ. ಮುಷ್ಟಿ ಹೋಗದಲ್ಲಿ ಕೂಸಿನ ತಲೆ ಹೋಗುವುದಿಲ್ಲ.

ಕೆಳಗಿನ ಗೇಟಿನ ಅಡಿಯಲ್ಲಿ ನೆಲಕ್ಕೆ ಹೊಂದಿಕೊಂಡು ಒಂದು ಅಡ್ಡಪಟ್ಟಿ ಇದೆ. ಗೇಟು ತೆರೆದರೂ ಅದು ಹಾಗೇ ಇರುತ್ತದೆ, ದಾಟಿಯೇ ಹೋಗಬೇಕು. ದಾಟಬೇಕಾದದ್ದು ಹೊಸ್ತಿಲಲ್ಲದೆ ಇನ್ನೇನು? ಬೆಳಿಗ್ಗೆ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚುವಾಗ ಅದಕ್ಕೂ ಹಚ್ಚಿದೆ. ಬಿಳಿ ಬಣ್ಣ ಹಳದಿಯಾಯಿತೆಂದು ಪ್ರಸನ್ನ ಗೊಣಗಿದ. ಆದರೆ ಅಂದಿನಿಂದ ಒಬ್ಬರೂ ಅದನ್ನು ತುಳಿಯುವುದಿಲ್ಲ, ಎಡವುವುದೂ ಇಲ್ಲ. ಎಲ್ಲರೂ ಕಾಲೆತ್ತಿ ದಾಟುತ್ತಾರೆ. ಮೊದಲೆರಡು ದಿನ ಎಡವಿ ಎಡವಿ ಶಾಪ ಹಾಕುತ್ತಿದ್ದದ್ದೂ ಇದೇ ಜನ.

ಪರೀಕ್ಷೆಯನ್ನೂ ಮಾಡಿದೆವು. ಪಕ್ಕದ ಮನೆಯ ಅನಿತಾಳಿಗೆ ಎರಡು ವರ್ಷದ ಮಗಳಿದ್ದಾಳೆ, ಓಣಿಗೆಲ್ಲ ಪ್ರಸಿದ್ಧಳಾದ ಪೋರಿ. ಅವಳನ್ನು ಒಂದು ಮಧ್ಯಾಹ್ನ ಕರೆತಂದು ನಡುಮನೆಯಲ್ಲಿ ಬಿಟ್ಟೆವು. ಗೇಟು ಅಲ್ಲಾಡಿಸಿದಳು, ಒದ್ದಳು, ಕಚ್ಚಿದಳು, ಚಿಲಕವನ್ನು ಬಗ್ಗಿ ನೋಡಿದಳು. ತೆರೆಯಲಾಗಲಿಲ್ಲ. ಕೊನೆಗೆ ಅಲ್ಲೇ ಕೂತು ಅತ್ತಳು. ನಾನು ಚಪ್ಪಾಳೆ ತಟ್ಟಿದೆ, ಪಾಪ, ಅವಳಿಗೆ ಬೆಲ್ಲ ಕೊಟ್ಟು ಸಮಾಧಾನ ಮಾಡಿದೆ.

ಇನ್ನು ನಿಮ್ಮ ಹತ್ತಿರ ಯಾವ ನೆಪವೂ ಇಲ್ಲ. ಯಾವತ್ತು ಕಳುಹಿಸುತ್ತೀರಿ?

ಸರ್ವಮಂಗಳಮ್ಮ

ಬೀಗಿತ್ತಿಯವರಿಗೆ ವಿರೂಪಾಕ್ಷಪ್ಪನ ನಮಸ್ಕಾರ. ಕಾಗದ ಅಂಟಿಸಿ ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾಳೆ. ಪರೀಕ್ಷೆಯ ದಿನದ ಸಂಜೆಯ ವಿಷಯವನ್ನು ಇವಳು ಬರೆದಿಲ್ಲ. ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಬರಲಿ ಎಂದು ಮನೆಯ ಬಾಗಿಲುಗಳನ್ನೆಲ್ಲ ತೆರೆಯುವುದು ಇವಳ ವಾಡಿಕೆ. ಅದೇ ಭರದಲ್ಲಿ ಮೆಟ್ಟಿಲ ಗೇಟನ್ನೂ ತೆರೆದಿಟ್ಟಳು. ಇನ್ನೂ ನಮ್ಮಲ್ಲೇ ಆಡುತ್ತಿದ್ದ ಅನಿತಾಳ ಮಗಳು ಅರ್ಧ ಮೆಟ್ಟಿಲು ಏರಿದ್ದಳು, ನಾನು ನೋಡಿ ಎತ್ತಿಕೊಂಡೆ. ಏನೂ ಆಗಲಿಲ್ಲ. ಆದರೆ ಕೂಸನ್ನು ಕಳುಹಿಸುವವರಿಗೆ ಇದು ತಿಳಿದಿರಬೇಕು.


ಜಗಳೂರು
4 ಸೆಪ್ಟೆಂಬರ್ 2025

ಸರ್ವಮಂಗಳಮ್ಮನವರಿಗೆ,

ಯಜಮಾನರು ಬರೆದ ಸಾಲುಗಳನ್ನು ಓದಿ ನನಗೆ ಸಿಟ್ಟು ಬಂತು. ಅಷ್ಟು ಕಷ್ಟಪಟ್ಟು ಹಾಕಿಸಿದ ಗೇಟನ್ನು ನಿಮ್ಮ ಕೈಯಿಂದಲೇ ತೆರೆದಿಟ್ಟಿರಿ. ಅದನ್ನು ನನಗೆ ಬರೆಯದೆಯೂ ಬಿಟ್ಟಿರಿ. ಈ ಕಾಗದವನ್ನು ಅಲ್ಲಿಗೇ ನಿಲ್ಲಿಸಿ, ಕಳುಹಿಸುವುದಿಲ್ಲ ಎಂದು ಬರೆಯಬೇಕೆಂದಿದ್ದೆ.

ಆದರೆ ಅವರು ಮುಚ್ಚಿಡಲಿಲ್ಲ. ನಾನು ಮುಚ್ಚಿಟ್ಟದ್ದೊಂದು ಇದೆ. ಅದನ್ನು ಹೇಳದೆ ನಿಮ್ಮ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ.

ಶರಣ್ಯ ಹೊಸ್ತಿಲು ದಾಟಿದಳು. ಗಣಪತಿ ಹಬ್ಬದ ಹಿಂದಿನ ವಾರ. ನಾನು ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದೆ. ತೆವಳುತ್ತ ಬಂದು ತಲೆಬಾಗಿಲ ಹೊಸ್ತಿಲ ಮೇಲೆ ಎರಡು ಕೈಯನ್ನೂ ಊರಿದಳು. ನಿಮ್ಮ ಮಾತು ನೆನಪಾಗಿ ಓಡಿಹೋಗಿ ಎತ್ತಿ ಒಳಗೆ ಬಿಟ್ಟೆ. ಮತ್ತೆ ಬಂದಳು. ಊಟದ ಮಣೆಯನ್ನು ಅಡ್ಡ ನಿಲ್ಲಿಸಿದೆ. ಮಣೆಯನ್ನೇ ಆಚೆಗೆ ತಳ್ಳಿ, ಅದರ ಹಿಂದೆ ಹೊಟ್ಟೆ ಎಳೆದುಕೊಂಡು ದಾಟಿ, ತಿರುಗಿ ನನ್ನ ಮುಖ ನೋಡಿ ನಕ್ಕಳು. ಏನು ಮಾಡಲಿ, ನನಗೂ ನಗು ಬಂತು.

ರೂಪಾಳಿಗೆ, "ಅಳಿಯಂದ್ರಿಗೆ ಹೇಳಬ್ಯಾಡ, ಅವರ ತಾಯಿ ನೊಂದ್ಕೊಂತಾರೆ" ಎಂದೆ. ಕಡುಬು ಮಾಡಿದೆ. ನಿಮ್ಮನ್ನು ಬಿಟ್ಟು ತಿನ್ನಲು ಮನಸ್ಸಾಗಲಿಲ್ಲ, ಹೇಳಿ ಕಳುಹಿಸಲು ಧೈರ್ಯವಾಗಲಿಲ್ಲ. ನೀವು ತಿಂದದ್ದು ಹಬ್ಬದ ಕಡುಬಲ್ಲ. ನಿಮ್ಮ ಮೊಮ್ಮಗಳ ಹೊಸ್ತಿಲ ಕಡುಬು.

ಕೊಟ್ರಮ್ಮ


ಚನ್ನಗಿರಿ
9 ಸೆಪ್ಟೆಂಬರ್ 2025

ಕೊಟ್ರಮ್ಮನವರಿಗೆ,

ನಿಮ್ಮ ಕಾಗದ ಓದಿದೆ. ನನಗೆ ತುಂಬ ನೋವಾಗಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ದಾಟಿದ್ದಕ್ಕಲ್ಲ. ಕೂಸು ದಾಟದೆ ಇರುತ್ತದೆಯೇ. ಅದು ಯಾವ ಕಡುಬೆಂದು ಹೇಳಿದ್ದರೆ ನಾನು ದೇವರ ಜಗಲಿಯ ಮುಂದೆ ಇಟ್ಟು, ಕೈ ಮುಗಿದು ತಿನ್ನುತ್ತಿದ್ದೆ. ಓಣಿಯ ಮನೆಮನೆಗೆ ನಾನೇ ಹೋಗಿ ಕೊಟ್ಟು ಬರುತ್ತಿದ್ದೆ. ನಿಂತುಕೊಂಡು, ಚಹಾದ ಜೊತೆ, ಬಾಯಿ ಚಪಲಕ್ಕೆ ತಿಂದೆ. ಉಳಿದದ್ದನ್ನು ಬಡಗಿಗೂ ಗಿರಾಕಿಗಳಿಗೂ ಹಂಚಿದೆ. ಅವರಲ್ಲಿ ಒಬ್ಬರಿಗೂ ಯಾಕೆಂದು ಗೊತ್ತಿಲ್ಲ.

ದೀಪದ ಹೊತ್ತಿನದು ನನ್ನದೇ ತಪ್ಪು. ಬರೆಯದೆ ಬಿಟ್ಟದ್ದೂ ತಪ್ಪು. ಬರೆದವರ ಜೊತೆ ನಾನು ಮಾತು ಬಿಟ್ಟಿದ್ದೇನೆ.

ಗೇಟುಗಳನ್ನು ಹಾಕಿಸಿದ್ದಾಗಿದೆ. ಕಳುಹಿಸುವುದು, ಬಿಡುವುದು ನಿಮಗೆ ಸೇರಿದ್ದು.

ಸರ್ವಮಂಗಳಮ್ಮ


ಜಗಳೂರು
15 ಸೆಪ್ಟೆಂಬರ್ 2025

ಸರ್ವಮಂಗಳಮ್ಮನವರೇ,

ಮೊದಲು ಯಜಮಾನರ ಜೊತೆ ಮಾತಾಡಿ. ಅವರು ಬರೆಯದಿದ್ದರೆ ನಾನೂ ಬರೆಯುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಮೆಟ್ಟಿಲ ಹೆದರಿಕೆ ಸುಳ್ಳಲ್ಲ. ನಮ್ಮದು ನೆಲಕ್ಕೆ ಹೊಂದಿದ ಮನೆ, ಮೆಟ್ಟಿಲೆಂದರೆ ನನಗೆ ಅಭ್ಯಾಸವಿಲ್ಲ. ಆದರೆ ಗೋಡೆಯ ಗಾರೆ ಬಿತ್ತು ಎಂದು ನೀವು ಬರೆದಾಗ ನನಗೆ ಸಂತೋಷವಾಯಿತು. ಬಡಗಿ ಬರಲಿಲ್ಲ ಎಂದಾಗ ಇನ್ನೂ ಸಂತೋಷವಾಯಿತು. ಮೇಲಿನ ಗೇಟು ಯಾವ ಕಡೆಗೆ ತೆರೆಯುತ್ತದೆ ಎಂದು ಕೇಳಿದ್ದು ಕೂಸಿನ ಕ್ಷೇಮಕ್ಕೇ, ಅದು ನಿಜ. ಬಿಚ್ಚಿ ಮತ್ತೆ ಕೂರಿಸಲು ಒಂದು ವಾರವಾದರೂ ಹಿಡಿಯಲಿ ಎಂಬ ಆಸೆಯೂ ಇತ್ತು. ಗೇಟು ಕೂರುವವರೆಗೆ ಅವಳು ನನ್ನ ಹತ್ತಿರ ಇರುತ್ತಾಳಲ್ಲ ಎಂದು.

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅವಳು ನನ್ನ ಕಡೆಗೇ ಬರುತ್ತಾಳೆ. ತಾಯಿಯ ಕಡೆಗಲ್ಲ. ಅದನ್ನು ಬಿಟ್ಟುಕೊಡುವುದು ಕಷ್ಟವಾಯಿತು. ನೀವು ತಿಂಗಳುಗಟ್ಟಲೆ ಫೋನಿನಲ್ಲಿ ನೋಡಿಕೊಂಡು ಹೇಗೆ ಇದ್ದಿರೋ, ನಾನು ಒಂದು ಸಲವೂ ಯೋಚಿಸಲಿಲ್ಲ.

ಪಿತೃಪಕ್ಷ ಮುಗಿಯಲಿ. ನವರಾತ್ರಿಯ ಮೊದಲ ಗುರುವಾರ ನಾವಿಬ್ಬರೂ ಬಂದು ಮಗಳನ್ನೂ ಕೂಸನ್ನೂ ಬಿಟ್ಟು ಹೋಗುತ್ತೇವೆ. ದೀಪ ಹಚ್ಚುವಾಗ ಏನು ಮಾಡುತ್ತೀರಿ ಎಂದು ಮಾತ್ರ ಬರೆಯಿರಿ.

ನಿಮ್ಮ ತಂಗಿ,
ಕೊಟ್ರಮ್ಮ


ಚನ್ನಗಿರಿ
18 ಸೆಪ್ಟೆಂಬರ್ 2025

ಕೊಟ್ರಕ್ಕಾ,

ನೀವು ತಂಗಿ ಎಂದು ಬರೆದರೂ ನಾನು ಅಕ್ಕ ಎಂದೇ ಕರೆಯುವುದು. ಅಷ್ಟು ಹಟ ನನಗಿರಲಿ.

ನಿಮ್ಮ ಕಾಗದ ಓದುತ್ತ ಒಂದು ಕಡೆ ಅಳು, ಒಂದು ಕಡೆ ನಗು. ಗಾರೆ ಬಿದ್ದದ್ದಕ್ಕೆ ಸಂತೋಷಪಟ್ಟ ಹೆಂಗಸನ್ನು ಬೈಯೋಣವೆಂದು ಕೂತರೆ ಬೈಗುಳವೇ ಬರಲಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಗೋಡೆಯನ್ನೇ ಕೆಡವಿಸುತ್ತಿದ್ದೆ. ಯಜಮಾನರ ಜೊತೆ ಮಾತು ಶುರು ಮಾಡಿದ್ದೇನೆ. ಅವರು ಅದಕ್ಕೆ, "ಇನ್ನೊಂದು ವಾರ ಸುಮ್ಮನೆ ಇದ್ದಿದ್ರೆ ಏನಾಗ್ತಿತ್ತು?" ಎಂದರು.

ದೀಪದ ವಿಷಯ. ಮಾಲತೇಶನನ್ನು ಮತ್ತೆ ಕರೆಸಿ, ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುವಂತೆ ಎರಡೂ ಗೇಟಿಗೆ ಸ್ಪ್ರಿಂಗ್ ಹಾಕಿಸಿದ್ದೇನೆ. ಈಗ ನಾನು ತೆರೆದಿಡುತ್ತೇನೆಂದರೂ ಅದು ಕೇಳುವುದಿಲ್ಲ. ಲಕ್ಷ್ಮಿ ತಲೆಬಾಗಿಲಿಂದ ಬಂದು ನಡುಮನೆಯಲ್ಲೇ ಕೂರಲಿ. ಮಹಡಿ ಹತ್ತಬೇಕೆಂದರೆ ನನ್ನನ್ನು ಕೇಳಲಿ.

ಗುರುವಾರ ಎನ್ನುವಾಗಲೇ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮೆಟ್ಟಿಲನ್ನು ತೊಳೆದು ಒರೆಸಿದ್ದಾಯಿತು. ಹಿಡಿದುಕೊಳ್ಳಲು ಆಸರೆಯಿಲ್ಲದ ಕಡೆಗೆ ಮರದ ಕಟಾಂಜನ ಹಾಕಿಸಿದ್ದೇನೆ, ಅದು ಕೂಸಿಗಲ್ಲ, ನಿಮಗೆ. ಅಟ್ಟದಿಂದ ಪ್ರಸನ್ನನ ಮರದ ತೊಟ್ಟಿಲು ಇಳಿಸಿದ್ದೇವೆ. ಪಾತ್ರೆ ಅಂಗಡಿಯ ಪುಟ್ಟ ಲೋಟಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಟ್ಟಿದ್ದೇನೆ, ಅವಳು ಬಡಿದು ಸದ್ದು ಮಾಡಲಿ. ನನಗೆ ಕೇಳುವಂಥ ಆಟ ಬೇಕಲ್ಲ.

ಬೇಗ ಬನ್ನಿ.

ಸರ್ವಮಂಗಳಮ್ಮ


ಜಗಳೂರು
3 ಅಕ್ಟೋಬರ್ 2025

ಮಂಗಳಕ್ಕನಿಗೆ,

ನಾವು ಬಂದು ಸೇರಿದೆವು. ಆ ದಿನ ನೀವು ಮಾಡಿದ ಉಪಚಾರದ ಬಗ್ಗೆ ಬರೆಯೋಣವೆಂದು ಕೂತೆ, ಬರೆಯಲಾಗುತ್ತಿಲ್ಲ. ಹೊರಡುವಾಗ ಅವಳು ನಿಮ್ಮ ಸೊಂಟದ ಮೇಲೆ ಕೂತು ಲೋಟ ಬಡಿಯುತ್ತಿದ್ದಳು, ನನ್ನ ಕಡೆ ತಿರುಗಲೂ ಇಲ್ಲ. ಬಸ್ಸಿನಲ್ಲಿ ನಾನು ಅತ್ತೆ. ಇವರು ಕಿಟಕಿಯ ಕಡೆ ಮುಖ ಮಾಡಿ ಕೂತರು.

ಮನೆ ಬಿಕೋ ಎನ್ನುತ್ತದೆ. ನೆಲದ ಮೇಲಿಂದ ಸೂಜಿ, ಕಾಳು ಆರಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಅವಳು ಏನು ಮಾಡುತ್ತಿದ್ದಾಳೆ ಎಂದು ಬರೆಯಿರಿ. ಫೋನಿನಲ್ಲಿ ತೋರಿಸುತ್ತಾರೆ, ನನಗೆ ಸಾಲದು. ಏನೇನು ಮಾಡಿದಳು ಎಂದು ಎಲ್ಲವನ್ನೂ ಬರೆಯಿರಿ. ನೀವು ಬರೆದರೆ ನೋಡಿದ ಹಾಗಾಗುತ್ತದೆ.

ಕೊಟ್ರಮ್ಮ


ಚನ್ನಗಿರಿ
13 ಅಕ್ಟೋಬರ್ 2025

ಕೊಟ್ರಕ್ಕಾ,

ಈ ಕಾಗದ ಅಂಚೆಯಲ್ಲಿ ಬಂದಿಲ್ಲ ಎಂದು ಗಾಬರಿಯಾಗಬೇಡಿ. ಪ್ರಸನ್ನನೇ ತಂದಿದ್ದಾನೆ. ಎಲ್ಲರೂ ಚೆನ್ನಾಗಿದ್ದೇವೆ. ನಿಂತುಕೊಂಡೇ ಓದಿ, ಕೂರಲು ಪುರುಸೊತ್ತಿಲ್ಲ.

ರೂಪಶ್ರೀಯ ಶಾಲೆಗೆ ಇನ್ನೂ ರಜೆ ಇದೆ, ಇವತ್ತು ಬೆಳಿಗ್ಗೆ ಅವಳು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದಳು. ನಾನು ನಡುಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಶರಣ್ಯ ಲೋಟಗಳನ್ನು ಬಿಟ್ಟು ಕೆಳಗಿನ ಗೇಟಿನ ಹತ್ತಿರ ಹೋದಳು. ದಿನವೂ ಹೋಗಿ ಅಲ್ಲಾಡಿಸಿ ಬರುತ್ತಾಳೆ, ನಾನು ಸುಮ್ಮನಿದ್ದೆ. ಇವತ್ತು ಎರಡು ಕೈಯಿಂದ ಎರಡು ಸರಳು ಹಿಡಿದು, ಮೊಣಕಾಲೂರಿ, ಒಮ್ಮೆ ಮುಕ್ಕಿರಿದು ಎದ್ದು ನಿಂತುಬಿಟ್ಟಳು. ಅವಳನ್ನು ತಡೆಯಲು ಹಾಕಿಸಿದ ಗೇಟನ್ನೇ ಹಿಡಿದುಕೊಂಡು ನಿಂತಳು. ಪಾದಕ್ಕೆಲ್ಲ ಅಡ್ಡಪಟ್ಟಿಯ ಅರಿಶಿನ.

ಅಷ್ಟೇ ಆಗಿದ್ದರೆ ಫೋನು ಮಾಡಿಸುತ್ತಿದ್ದೆ. ನನ್ನ ಕಡೆ ತಿರುಗಿದಳು, ಒಂದು ಕೈ ಬಿಟ್ಟಳು. ಒಂದು ಕಾಲನ್ನು ಎತ್ತಿದಳು. ಮನೆಯಲ್ಲಿ ನಾನೊಬ್ಬಳೇ ನೋಡುತ್ತಿದ್ದೇನೆ, ಅಕ್ಕಾ. ಇನ್ನೊಂದು ಕೈಯನ್ನು ಬಿಟ್ಟಿದ್ದರೆ ಮೊದಲ ಹೆಜ್ಜೆ ನನ್ನ ಮನೆಯಲ್ಲಿ, ನನ್ನ ಕಣ್ಣ ಮುಂದೆ, ನನ್ನ ಕಡೆಗೆ. ಇದಕ್ಕಾಗಿ ನಾನು ಎಷ್ಟು ಆಸೆಪಟ್ಟಿದ್ದೆನೆಂದು ನಿಮಗೆ ಗೊತ್ತು. ಎರಡೂ ಕೈ ಚಾಚಿ, ಬಾ ಎಂದು ಕರೆಯಲು ಬಾಯಿ ತೆರೆದೆ.

ಕರೆಯಲಾಗಲಿಲ್ಲ. ಓಡಿಹೋಗಿ ಸೊಂಟ ಹಿಡಿದು ಕೂರಿಸಿಬಿಟ್ಟೆ. ನೀವು ಜಗಳೂರಿನಲ್ಲಿ ನೆಲದ ಮೇಲಿನ ಕಾಳು ಆರಿಸುತ್ತ ಕೂತಿರುವಾಗ ನಾನೊಬ್ಬಳೇ ಇದನ್ನು ನೋಡಿದರೆ ಅದು ನನಗೆ ದಕ್ಕುವುದಿಲ್ಲ.

ರೂಪಶ್ರೀ ಒಳಗೆ ಬಂದವಳು ನೋಡಿ, "ಅತ್ತೆ, ನಡೆಯಾಕೆ ಹೊಂಟ ಕೂಸನ್ನ ಯಾರಾದ್ರೂ ಹಿಡಿದು ಕೂರಿಸ್ತಾರಾ?" ಎಂದು ಬೈದಳು. "ನಿಮ್ಮವ್ವ ಬರೋವರೆಗೆ ಈ ಮನೆಯಾಗೆ ಯಾರೂ ನಡೆಯಂಗಿಲ್ಲ" ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ತಾನೂ ಬಂದು ಕೂಸಿನ ಮುಂದೆ ಕೂತಳು. ಈಗ ನಾವು ಸರದಿಯ ಮೇಲೆ ಕಾಯುತ್ತಿದ್ದೇವೆ. ಯಜಮಾನರು ಅಂಗಡಿಗೆ ಬೀಗ ಹಾಕಿ ಬಂದು, ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದಾರೆ. ಅವಳಿಗೆ ಕಥೆ ಬೇಡ, ಗೇಟು ಬೇಕು.

ಕಾರು ನಿಮ್ಮ ಬಾಗಿಲಲ್ಲೇ ನಿಂತಿದೆ. ಪ್ರಸನ್ನನಿಗೆ ಅಡುಗೆ ಮಾಡಲು ಹೋಗಬೇಡಿ, ದಾರಿಯಲ್ಲಿ ತಿನ್ನುತ್ತಾನೆ. ಕಲ್ಲೇಶಪ್ಪನವರನ್ನೂ ಎಬ್ಬಿಸಿ. ಉಟ್ಟ ಸೀರೆಯಲ್ಲೇ ಬನ್ನಿ, ಇಲ್ಲಿ ನನ್ನ ಸೀರೆಗಳಿವೆ.

ಬರೆಯುವಷ್ಟರಲ್ಲಿ ಇವರ ಕೈ ಜಾರಿಸಿಕೊಂಡು ಮತ್ತೆ ಹೋಗಿ ನಿಂತಿದ್ದಾಳೆ. ಒಂದು ಕೈ ಬಿಟ್ಟಿದ್ದಾಳೆ. ಹೋಗಿ ಕೂರಿಸುತ್ತೇನೆ. ಬೇಗ ಹೊರಡಿ ಅಕ್ಕಾ, ಇವಳನ್ನು ನಾನು ಹೆಚ್ಚು ಹೊತ್ತು ತಡೆಯಲಾರೆ.

ಮಂಗಳ